ಅತ್ತಿಗೆಯ ಲ್ಯಾಬಿನ ಬೀಗದ ಕೈ

ನನ್ನ ಅತ್ತಿಗೆ ಯಾರಿಗೂ ಯಾವುದಕ್ಕೂ ಇಲ್ಲ ಎಂದವರಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ನಾನು ದೂರು ಹೇಳುತ್ತಿದ್ದೇನೆ. ನನ್ನ ಅಣ್ಣ ಮದುವೆಯ ಮಾತೆತ್ತಿದ ದಿನ, ಅದಕ್ಕೂ ಮುಂಚೆ ಪೂರ್ತಿ ಒಂದು ಗಂಟೆ ತನ್ನ ಸೈಕಲ್ಲಿನ ಗೇರುಗಳ ಬಗ್ಗೆ ಕೊರೆದಿದ್ದನಂತೆ. ಅಷ್ಟನ್ನೂ ಕೇಳಿಸಿಕೊಂಡ ಮೇಲೆ ಅತ್ತಿಗೆ "ಆಯ್ತು" ಎಂದರಂತೆ. ಆ ಆಯ್ತು ಗೇರಿಗೋ ಮದುವೆಗೋ ಎಂದು ಅಣ್ಣನಿಗೆ ಇವತ್ತಿಗೂ ಅನುಮಾನ. ಹೀಗೆ ನಮ್ಮ ಮನೆಗೆ ಬಂದವರು ಆಮೇಲೆ ನಮ್ಮಮ್ಮನ ಔಷಧಿಗೂ ಆಯ್ತು, ನನ್ನ ಸಿಡುಕಿಗೂ ಆಯ್ತು, ಪಕ್ಕದ ಮನೆಯವರು ಬೆಳಗ್ಗೆ ಬೆಳಗ್ಗೆ ತಂದು ಬಿಡುವ ಮಗುವಿಗೂ ಆಯ್ತು ಎಂದುಕೊಂಡೇ ಬಾಳಿದರು.

ಅತ್ತಿಗೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಅದೇ ಕಾಲೇಜಿನ ಗ್ರಂಥಾಲಯ ನನ್ನದು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುತ್ತೇವೆ, ಓಡಿಸುವವಳು ನಾನು. ಹಿಂದೆ ಕೂತ ಅತ್ತಿಗೆ ದಾರಿಯುದ್ದಕ್ಕೂ ಆ ದಿನದ ಪಾಠವನ್ನು ನನ್ನ ಬೆನ್ನಿಗೆ ಹೇಳುತ್ತಾರೆ. ಅವರ ಬಲಗೈಯ ಎರಡು ಬೆರಳುಗಳ ತುದಿ ಯಾವಾಗಲೂ ಕಪ್ಪು, ಯಾವುದೋ ದ್ರಾವಣ ತಗುಲಿ ಆದ ಕಲೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಪಾಠ ಎಂದರೆ ಅವರಿಗೆ ಪ್ರಾಣ. ಅದರಲ್ಲೂ ಲ್ಯಾಬು. ಪುಸ್ತಕದಲ್ಲಿ ಓದಿದ್ದು ಪರೀಕ್ಷೆ ಮುಗಿಯುವವರೆಗೆ ಇರುತ್ತದೆ, ಕೈಯಲ್ಲಿ ಮಾಡಿದ್ದು ಕೊನೆವರೆಗೂ ಇರುತ್ತದೆ ಎಂದು ನನ್ನೆದುರಿಗೇ, ಗ್ರಂಥಾಲಯದವಳ ಎದುರಿಗೇ, ಹೇಳುವಷ್ಟು ಹುಚ್ಚು.

ಇಂಥವರ ಲ್ಯಾಬಿನ ಬೀಗದ ಕೈ ಅವರ ಹತ್ತಿರ ಇರಲಿಲ್ಲ.

ಅದರ ಕಥೆ ಇಷ್ಟೆ. ಹಿಂದೊಮ್ಮೆ ಲ್ಯಾಬಿನ ತಕ್ಕಡಿಯೊಂದು ಕಾಣೆಯಾಗಿತ್ತು. ಇಡೀ ಕಾಲೇಜು ತಲೆಕೆಳಗಾಗಿ ಹುಡುಕಿದ ಮೇಲೆ ಅದು ಸಸ್ಯಶಾಸ್ತ್ರದವರ ಬೀರುವಿನಲ್ಲಿ ಸಿಕ್ಕಿತು, ಬೀಜ ತೂಗಲು ಒಯ್ದವರು ವಾಪಸು ಇಡಲು ಮರೆತಿದ್ದರು. ತಕ್ಕಡಿ ಮರಳಿ ಬಂತು, ಬೀಗದ ಕೈ ಮಾತ್ರ ಹೋದದ್ದು ಹೋಯಿತು. ಪ್ರಿನ್ಸಿಪಾಲರು ಅದನ್ನು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟು, ದಿನಾ ತಮ್ಮ ಕೈಯಿಂದಲೇ ಕೊಡುವುದಾಗಿ ಆಜ್ಞೆ ಹೊರಡಿಸಿದರು. ನಮ್ಮ ಪ್ರಿನ್ಸಿಪಾಲರಿಗೆ ಹುಡುಗರು ಇಟ್ಟ ಹೆಸರು ಹಾರ್ದಿಕ. ಯಾವ ಸಭೆಯಾದರೂ ಅವರ ಮೊದಲ ಮಾತು ಹಾರ್ದಿಕ ಸ್ವಾಗತ, ಕೊನೆಯ ಮಾತು ಹಾರ್ದಿಕ ವಂದನೆ, ನಡುವೆ ಏನೂ ಇರುವುದಿಲ್ಲ. ಮನುಷ್ಯ ಕೆಟ್ಟವರಲ್ಲ. ಆದರೆ ಬೆಳಗ್ಗೆ ಆಡಳಿತ ಮಂಡಳಿಯ ಕಚೇರಿಗೆ ಮುಖ ತೋರಿಸಿ ಕಾಲೇಜಿಗೆ ಬರುವಷ್ಟರಲ್ಲಿ ಮೊದಲ ಪೀರಿಯಡ್ಡು ಮುಗಿಯಲು ಬಂದಿರುತ್ತಿತ್ತು.

ಲ್ಯಾಬು ಇದ್ದದ್ದೋ ಆ ಮೊದಲ ಪೀರಿಯಡ್ಡಿಗೇ. ಬೇರೆ ಹೊತ್ತಿಗೆ ಇಡುವ ಹಾಗಿಲ್ಲ, ಮಧ್ಯಾಹ್ನದ ಹೊತ್ತಿಗೆ ಮೇಲಿನ ಟ್ಯಾಂಕು ಖಾಲಿಯಾಗಿ ಹಿಂದಿನ ಕಟ್ಟಡದ ನಲ್ಲಿಗಳಲ್ಲಿ ನೀರು ಬರುವುದಿಲ್ಲ. ಹಾಗಾಗಿ ಹುಡುಗ ಹುಡುಗಿಯರು ಬೀಗ ಹಾಕಿದ ಬಾಗಿಲ ಮುಂದೆ, ಓಣಿಯಂಥ ಕಿರಿದಾದ ಪಡಸಾಲೆಯಲ್ಲಿ, ಗೋಡೆಗೆ ಒರಗಿ ಕೂರುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಪ್ರಿನ್ಸಿಪಾಲರ ಕೋಣೆಯ ಮುಂದೆ ರಂಪ ಮಾಡುತ್ತಿದ್ದರು. ಅತ್ತಿಗೆ ಸುಮ್ಮನೆ ಕೂರಲಾರದೆ ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಬ್ಯುರೆಟ್ಟಿನ ಚಿತ್ರ ಬರೆಯುತ್ತಿದ್ದರು. ಬ್ಯುರೆಟ್ಟು ಎಂದರೆ ಹನಿಹನಿಯಾಗಿ ದ್ರಾವಣ ಬಿಡಲು ಕೆಳಗೆ ತಿರುಪಿರುವ ಉದ್ದನೆಯ ಗಾಜಿನ ಕೊಳವೆ. ಒಳಗೆ ಹೋದ ಮೇಲೆ ಏನೇನು ಮಾಡಬೇಕೆಂದು ಹೊರಗೇ ಹೇಳಿಕೊಡುತ್ತಿದ್ದರು. ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತಿತ್ತು, ಮಾಡುವುದಕ್ಕೆ ಮಾತ್ರ ಸಮಯ ಇರುತ್ತಿರಲಿಲ್ಲ.

ಅತ್ತಿಗೆ ವರ್ಷಕ್ಕೆರಡು ಸಲ ಹೋಗಿ, ಬೀಗದ ಕೈ ನನಗೇ ಕೊಡಿ ಸರ್ ಎಂದು ಮೆತ್ತಗೆ ಕೇಳುತ್ತಿದ್ದರು. ಹಾರ್ದಿಕರು ನೋಡೋಣ ಎನ್ನುತ್ತಿದ್ದರು. ಅತ್ತಿಗೆ ಆಯ್ತು ಸರ್ ಎಂದು ಬರುತ್ತಿದ್ದರು. ಆ ಆಯ್ತು ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ಹೀಗಿರುವಾಗ ಕಾಲೇಜಿನ ಗುಣಮಟ್ಟ ನೋಡಲು ಹೊರಗಿನ ತಂಡ ಬರುತ್ತದೆ ಎಂದಾಯಿತು. ತಂಡದ ಎದುರು ಕಾಲೇಜಿನ ಪರವಾಗಿ ಎಲ್ಲವನ್ನೂ ಬರೆದು, ಜೋಡಿಸಿ, ಸಹಿ ಹಾಕಲು ಒಬ್ಬ ಸಂಚಾಲಕರು ಬೇಕು. ಸಿಬ್ಬಂದಿ ಸಭೆಯಲ್ಲಿ ಆ ಮಾತು ಬಂದಾಗ ಒಬ್ಬರಿಗೆ ಸೊಂಟ ನೋವು ಬಂತು, ಇನ್ನೊಬ್ಬರಿಗೆ ಮಗಳ ಪರೀಕ್ಷೆ ನೆನಪಾಯಿತು. ಯಾರ ಕೊರಳಿಗೆ ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಸಲ ಅತ್ತಿಗೆಗೂ ಒಂದು ಆಸೆ ಇತ್ತು. ತಂಡ ಬಂದು ಹೋದ ಮಾರನೆಯ ದಿನವೇ ಬೀಗದ ಕೈ ಅವರಿಗೆ ಎಂದು ಹಾರ್ದಿಕರು ಮಾತು ಕೊಟ್ಟಿದ್ದರು. ಆ ಒಂದು ಮಾತಿನ ಮೇಲೆ ಅತ್ತಿಗೆ ತಿಂಗಳುಗಟ್ಟಲೆ ದುಡಿದರು. ನಮ್ಮ ಮನೆಯ ಊಟದ ಮೇಜಿನ ಮೇಲೆ ಫೈಲುಗಳು ಕೂತವು, ನಾವು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಂಡೆವು. ಅಣ್ಣ ಫೈಲುಗಳ ನಡುವೆ ಉಪ್ಪಿನ ಡಬ್ಬಿ ಹುಡುಕುತ್ತ, ಇದು ಎಷ್ಟನೇ ಅನುಬಂಧದಲ್ಲಿದೆ ಎಂದು ಕೇಳುತ್ತಿದ್ದ.

ತಂಡ ಬರುವ ದಿನ ಹಾರ್ದಿಕರು ಮುಂಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತರು. ಪಕ್ಕದಲ್ಲಿ ವಾಣಿಜ್ಯ ವಿಭಾಗದ ಮುಖ್ಯಸ್ಥರು. ಮಾತಿಗೆ ಮುಂಚೆ "ಒಂದು ಪಾಯಿಂಟು" ಎಂದು ಬೆರಳೆತ್ತುವುದರಿಂದ ಅವರು ಎಲ್ಲರಿಗೂ ಪಾಯಿಂಟು ಸರ್. ಬಂದ ಅತಿಥಿಗಳು ಸ್ವಾಗತಕ್ಕೆ ಸೊಪ್ಪು ಹಾಕುವವರಲ್ಲ ಎಂದು ಯಾರಿಗೆ ಗೊತ್ತಿತ್ತು? ತಂಡದ ಅಧ್ಯಕ್ಷರು ನಿವೃತ್ತ ಪ್ರೊಫೆಸರು, ಎಲ್ಲವನ್ನೂ ಇದ್ದ ಹಾಗೆಯೇ ನೋಡಬೇಕೆನ್ನುವ ಮನುಷ್ಯ. ಕಾರನ್ನು ಹಿಂದಿನ ಗೇಟಿಗೆ ತಿರುಗಿಸಿ, ಮೊದಲ ಪೀರಿಯಡ್ಡಿಗೇ ಹಿಂದಿನ ಕಟ್ಟಡಕ್ಕೆ ನಡೆದರು. ಬೀಗದ ಕೈ ಡ್ರಾಯರಿನಲ್ಲಿ, ಡ್ರಾಯರಿನ ಕೈ ಹಾರ್ದಿಕರ ಜೇಬಿನಲ್ಲಿ, ಹಾರ್ದಿಕರು ಮುಂಬಾಗಿಲಲ್ಲಿ. ಪಡಸಾಲೆಯಲ್ಲಿ ಅತ್ತಿಗೆ ಎಂದಿನಂತೆ ಮೊಣಕಾಲೂರಿ ನೆಲದ ಮೇಲೆ ಚಿತ್ರ ಬರೆಯುತ್ತಿದ್ದರು, ಸುತ್ತ ಹುಡುಗರು ಪ್ರಶ್ನೆ ಕೇಳುತ್ತಿದ್ದರು.

ಅಧ್ಯಕ್ಷರಿಗೆ ಸಂತೋಷವೋ ಸಂತೋಷ. ಮಂಡಿನೋವಿದ್ದರೂ ಗೋಡೆ ಹಿಡಿದು ನೆಲಕ್ಕೆ ಕೂತರು. ಒಬ್ಬ ಹುಡುಗನನ್ನು ಏನೋ ಕೇಳಿದರು, ಅವನು ಪಟಪಟನೆ ಹೇಳಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ ಇದೇನಮ್ಮಾ ಹೊಸ ವಿಧಾನ ಎಂದರು. ಬಾಯಿ ಬಿಟ್ಟು ಬಾಗಿಲಿಗೆ ಬೀಗ ಇದೆ ಸರ್ ಎಂದಿದ್ದರೆ ಸಾಕಿತ್ತು. ಕಣ್ಣೆದುರಿಗೇ ಬೀಗ ನೇತಾಡುತ್ತಿತ್ತು. ಆದರೆ ಕಾಲೇಜಿನ ಮಾನ ತನ್ನ ಕೈಯಲ್ಲಿದೆ ಎಂದು ಈ ಪುಣ್ಯಾತ್ಗಿತ್ತಿಗೆ ಅನ್ನಿಸಿಬಿಟ್ಟಿತು.

"ಲ್ಯಾಬಿಗೆ ಹೋಗೋ ಮುಂಚೆ ಸ್ವಲ್ಪ ಮಾತಾಡ್ಕೋತೀವಿ ಸರ್," ಎಂದರು.

ತಂಡ ಹೋದ ಮಾರನೆಯ ದಿನ ಅತ್ತಿಗೆ ಬೀಗದ ಕೈ ಕೇಳಿದರೆ, ವರದಿ ಬರಲಿ ಎಂದರು ಹಾರ್ದಿಕರು. ವರದಿ ಬಂದಾಗ ಅದರಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಒಳ್ಳೆಯದರಲ್ಲಿ ಎಲ್ಲಕ್ಕಿಂತ ಮೇಲೆ ನಮ್ಮ ಪಡಸಾಲೆ. ಪ್ರಯೋಗಕ್ಕೆ ಮುಂಚೆ ವಿದ್ಯಾರ್ಥಿಗಳು ಹೊರಗೆ ಕೂತು ಚರ್ಚಿಸುವ ಈ ಪದ್ಧತಿ ಅನುಕರಣೀಯ, ಇದನ್ನು ವ್ಯವಸ್ಥಿತಗೊಳಿಸಿ ಎಲ್ಲ ವಿಜ್ಞಾನ ವಿಭಾಗಗಳಿಗೂ ವಿಸ್ತರಿಸಬೇಕು ಎಂದಿತ್ತು. ಎರಡು ಪುಟ ತಿರುಗಿಸಿದರೆ, ರಸಾಯನಶಾಸ್ತ್ರದಲ್ಲಿ ಪಠ್ಯಕ್ರಮದ ಪ್ರಯೋಗಗಳು ಅರ್ಧದಷ್ಟೂ ಮುಗಿಯುತ್ತಿಲ್ಲ, ಲ್ಯಾಬಿನ ಅವಧಿ ಸಾಲದು, ಹೆಚ್ಚಿಸಬೇಕು ಎಂದಿತ್ತು. ಒಂದೇ ಬೀಗ ಒಂದು ಪುಟದಲ್ಲಿ ಶಭಾಷ್ ಎನ್ನಿಸಿಕೊಂಡು ಇನ್ನೊಂದು ಪುಟದಲ್ಲಿ ಬೈಸಿಕೊಂಡಿತ್ತು. ನನ್ನ ಗ್ರಂಥಾಲಯದ ಪಾಡೂ ಅಷ್ಟೆ. ಅಲ್ಲಿ ಮೌನ ಸಾಲದು, ಗುಂಪು ಚರ್ಚೆಯೂ ಸಾಲದು.

ಇದಕ್ಕೆ ಕಾಲೇಜು ಉತ್ತರ ಬರೆಯಬೇಕು. ಪ್ರತಿ ಶಿಫಾರಸಿನ ಎದುರಿಗೆ ಮೂರು ಮನೆಗಳು. ಒಪ್ಪಿದ್ದೀರಾ, ಒಪ್ಪದಿದ್ದರೆ ಕಾರಣವೇನು, ಒಪ್ಪಿದ್ದರೆ ಏನು ಮಾಡಿದಿರಿ. ಕಾರಣವೇನು ಎಂಬ ಆ ನಡುವಿನ ಮನೆ ನಮ್ಮ ಕಾಲೇಜಿನ ಇತಿಹಾಸದಲ್ಲೇ ಖಾಲಿ. ದೊಡ್ಡವರು ಹೇಳಿದ್ದಕ್ಕೆ ಇಲ್ಲ ಎನ್ನುವುದು ಉದ್ಧಟತನ ಎಂದು ಹಾರ್ದಿಕರ ನಂಬಿಕೆ. ಉತ್ತರದ ಸಭೆಯಲ್ಲಿ ಪಾಯಿಂಟು ಸರ್ ಬೆರಳೆತ್ತಿ, ಎಲ್ಲದರ ಮುಂದೆಯೂ 'ಒಪ್ಪಲಾಗಿದೆ, ಕ್ರಮ ಪ್ರಗತಿಯಲ್ಲಿದೆ' ಎಂದು ಬರೆದುಬಿಟ್ಟರೆ ಯಾರಿಗೂ ತೊಂದರೆ ಇಲ್ಲ ಎಂದರು. ಚಹಾ ಬರುವಷ್ಟರಲ್ಲಿ ಇಡೀ ವರದಿಯನ್ನು ಒಪ್ಪಿ ಮುಗಿಸಿದ್ದರು. ಮೌನವನ್ನೂ ಒಪ್ಪಿದರು, ಚರ್ಚೆಯನ್ನೂ ಒಪ್ಪಿದರು. ಎರಡನ್ನೂ ಒಂದೇ ಕೋಣೆಯಲ್ಲಿ ಹೇಗೆ ನಡೆಸಲಿ ಎಂದು ನಾನು ಕೇಳಿದ್ದಕ್ಕೆ, ಅದು ಕ್ರಮದ ವಿಷಯ, ಈಗ ಒಪ್ಪಿಗೆಯ ವಿಷಯ ಮಾತ್ರ ಎಂದರು ಪಾಯಿಂಟು ಸರ್.

ಅತ್ತಿಗೆ ಮಾತ್ರ ಆ ಎರಡು ಪುಟಗಳ ಮೇಲೂ ಬೆರಳಿಟ್ಟುಕೊಂಡು ಕೂತಿದ್ದರು. ಇವೆರಡಕ್ಕೂ ಹೊಂದಾಣಿಕೆ ಆಗುವುದಿಲ್ಲ ಸರ್ ಎಂದರು. ಎರಡನ್ನೂ ಒಪ್ಪಿದ್ದೇವಲ್ಲ, ಇನ್ನೆಲ್ಲಿಯ ಜಗಳ ಎಂದರು ಹಾರ್ದಿಕರು. ಹಾಗಾದರೆ ಬೀಗದ ಕೈ ಎಂದು ಅತ್ತಿಗೆ ಮೆಲ್ಲಗೆ ನೆನಪಿಸಿದರು.

"ಈಗ ಹೇಗೆ ಕೊಡ್ಲಿ ಮೇಡಂ? ಬಾಗಿಲು ತೆಗೆದುಬಿಟ್ರೆ ಹುಡುಗರು ಒಳಗೆ ಹೋಗಿಬಿಡ್ತಾರೆ."

ಹಾರ್ದಿಕರು ಇದನ್ನು ತಮಾಷೆಗೆ ಹೇಳಲಿಲ್ಲ. ಅಲ್ಲಿದ್ದ ಯಾರೂ ನಗಲೂ ಇಲ್ಲ, ಹೌದಲ್ಲ ಎಂದು ಗೋಣು ಹಾಕಿದರು. ಅತ್ತಿಗೆ ನನ್ನ ಕಡೆ ನೋಡಿದರು, ನಾನು ಕಣ್ಣಲ್ಲೇ ಸಹಿ ಹಾಕಬೇಡಿ ಎಂದೆ. ಪಾಯಿಂಟು ಸರ್ ಪೆನ್ನಿನ ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು. ಅತ್ತಿಗೆ ಸಹಿ ಹಾಕಿದರು.

ಆ ದಿನ ಸ್ಕೂಟರಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತಿಗೆ ನನ್ನ ಬೆನ್ನಿನ ಹಿಂದೆ, ಎಲ್ಲರೂ ಒಪ್ಪಿದ ಮೇಲೆ ನಾನೊಬ್ಬಳು ಹೇಗೆ ಎಂದು ಏನೇನೋ ಗೊಣಗಿದರು. ಸಂಜೆ ಅಣ್ಣನ ಹತ್ತಿರ ದೂರಿದರೆ ಅವನು, ಅವಳು ನನ್ನನ್ನೇ ಒಪ್ಪಿಕೊಂಡವಳು, ವರದಿ ಯಾವ ಲೆಕ್ಕ ಎಂದ.

ಉತ್ತರ ಹೋಯಿತು. ಹೋದದ್ದನ್ನು ನಿಜ ಮಾಡುವ ಕೆಲಸ ಶುರುವಾಯಿತು. ಮತ್ತೊಂದು ವರ್ಷಕ್ಕೆ ಅಧ್ಯಕ್ಷರು ಪ್ರಗತಿ ನೋಡಲು ಬರುವವರಿದ್ದರು. ಪಡಸಾಲೆಯ ಗೋಡೆಗೆ 'ಪ್ರಯೋಗಪೂರ್ವ ಚಿಂತನ' ಎಂಬ ಫಲಕ ಬಂತು. ಒರಟು ನೆಲವನ್ನು ಕಿತ್ತು ಮುಖ ಕಾಣುವಂಥ ನುಣುಪಾದ ಟೈಲ್ಸ್ ಹಾಕಿದರು. ಅದರ ಮೇಲೆ ಸೀಮೆಸುಣ್ಣ ಜಾರಿತು, ಒಂದು ಗೆರೆಯೂ ಮೂಡಲಿಲ್ಲ. ಪರವಾಗಿಲ್ಲ, ಮಕ್ಕಳು ತಂತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ ಎಂದಾಯಿತು.

ಚಿಂತನ ಎಲ್ಲ ವಿಭಾಗಗಳಿಗೂ ವಿಸ್ತರಿಸಿತು. ಭೌತಶಾಸ್ತ್ರದ ಲ್ಯಾಬಿಗೆ ಎಂದೂ ಬೀಗ ಇರಲಿಲ್ಲ, ಈಗ ಹೊಸ ಬೀಗ ತಂದು ಜಡಿದರು. ಅಲ್ಲಿನ ಮೇಷ್ಟ್ರು ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತ, ನಿಮ್ಮಿಂದ ನಮಗೂ ಬಂತು ಗ್ರಹಚಾರ ಎಂದು ಅತ್ತಿಗೆಯ ಮೇಲೆ ಹರಿಹಾಯ್ದರು. ಸಸ್ಯಶಾಸ್ತ್ರದವರು ಕುಂಡಗಳನ್ನು ಹೊರಗೆ ತಂದಿಟ್ಟುಕೊಂಡು ಚಿಂತಿಸಿದರು. ಒಂದೇ ಪಡಸಾಲೆಯಲ್ಲಿ ಮೂರು ಚಿಂತನ ನಡೆದು ಯಾರ ಮಾತು ಯಾರಿಗೂ ಕೇಳದಂತಾಯಿತು.

ಇನ್ನೂ ದೊಡ್ಡ ವಿಪರೀತ ಬೇರೆಯೇ ಇತ್ತು. ತಮ್ಮ ಕಾಲೇಜಿನ ಈ ಹೆಸರಾದ ಪದ್ಧತಿಯನ್ನು ಕಣ್ಣಾರೆ ನೋಡಬೇಕೆಂದು ಹಾರ್ದಿಕರು ಬೇಗ ಬರತೊಡಗಿದರು. ಗಂಟೆ ಹೊಡೆಯುವ ಮುಂಚೆಯೇ ಬಂದು, ಲ್ಯಾಬಿನ ಬಾಗಿಲಿಗೇ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿ, ಹುಡುಗರನ್ನು ನೋಡುತ್ತ ನಿಲ್ಲುತ್ತಿದ್ದರು. ಬೀಗದ ಕೈ ಅವರ ಜೇಬಿನಲ್ಲೇ ಇರುತ್ತಿತ್ತು. ಅವರು ತಡವಾಗಿ ಬರುತ್ತಾರೆಂದು ಶುರುವಾದದ್ದು, ಅವರು ಎಲ್ಲರಿಗಿಂತ ಮುಂಚೆ ಬಂದು ನಿಂತ ಮೇಲೂ ಮುಗಿಯಲಿಲ್ಲ. ಗ್ರಂಥಾಲಯದ ಕಿಟಕಿಯಿಂದ ಈ ದೃಶ್ಯ ನನಗೆ ಚೆನ್ನಾಗಿ ಕಾಣುತ್ತಿತ್ತು. ತಲೆ ತಲೆ ಚಚ್ಚಿಕೊಳ್ಳುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಪರೀಕ್ಷೆಯ ದಿನ ಬಾಗಿಲು ಹೊತ್ತಿಗೆ ಮುಂಚೆಯೇ ತೆರೆದಿರುತ್ತದೆ, ಹೊರಗಿನ ಪರೀಕ್ಷಕರು ಬರುತ್ತಾರಲ್ಲ. ಆ ದಿನ ಒಳಗೆ ನಡೆದದ್ದನ್ನು ಅತ್ತಿಗೆ ನನಗೆ ಆಮೇಲೆ ಹೇಳಿದರು. ತರಗತಿಯಲ್ಲೇ ಚುರುಕಾದ ಹುಡುಗಿಯೊಬ್ಬಳಿದ್ದಳು. ಇಡೀ ವರ್ಷ ಪಡಸಾಲೆಯಲ್ಲಿ ಮೊದಲು ಕೈಯೆತ್ತುತ್ತಿದ್ದವಳು ಅವಳೇ. ಪರೀಕ್ಷಕರು ಕೇಳಿದ ಪ್ರಶ್ನೆಗಳಿಗೆಲ್ಲ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟಳು. ಸರಿ, ಮಾಡಿ ತೋರಿಸು ಎಂದರು. ಹುಡುಗಿ ಬ್ಯುರೆಟ್ಟಿನ ತಿರುಪಿಗೆ ಕೈ ಹಾಕಿದಳು. ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಒಂದೊಂದೇ ಹನಿ ಬಿಡುತ್ತ, ಬಣ್ಣ ಬದಲಾದ ಕ್ಷಣ ನಿಲ್ಲಿಸಬೇಕು. ಅವಳು ಪೂರ್ತಿ ತಿರುಗಿಸಿಬಿಟ್ಟಳು. ದ್ರಾವಣವೆಲ್ಲ ದಡದಡ ಇಳಿದು ಕೆಳಗಿನ ಪಾತ್ರೆ ಕಡುಗೆಂಪಾಯಿತು. ಮತ್ತೆ ತುಂಬಿಸಿದಳು, ಮತ್ತೆ ಅದೇ ಆಯಿತು. ಮೂರನೆಯ ಸಲಕ್ಕೆ ತಿರುಪಿನಿಂದ ಕೈ ತೆಗೆದು, ತಲೆಯೆತ್ತಿ ಅತ್ತಿಗೆಯ ಮುಖ ನೋಡಿದಳು. ಪರೀಕ್ಷೆಯಲ್ಲಿ ಕಲಿಸಿದವರು ಬಾಯಿ ಬಿಡುವಂತಿಲ್ಲ.

ಆ ಹುಡುಗಿ ಪ್ರಾಯೋಗಿಕದಲ್ಲಿ ಫೇಲಾದಳು. ಅವಳೊಬ್ಬಳೇ ಅಲ್ಲ, ತರಗತಿಯ ಅರ್ಧ ಜನ.

ಆ ದಿನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ತಿರುಗಿ ನೋಡುತ್ತೇನೆ, ಅತ್ತಿಗೆ ಇಳಿದೇ ಇಲ್ಲ. ಹಿಂದಿನ ಸೀಟಿನಲ್ಲಿ ಬ್ಯಾಗು ಅವುಚಿಕೊಂಡು ಹಾಗೇ ಕೂತಿದ್ದಾರೆ.

"ಅವಳಿಗೆ ಎಲ್ಲಾ ಗೊತ್ತಿತ್ತು ಕಣೇ," ಎಂದರು. "ನಾನು ಕೈಗೆ ಕೊಟ್ಟಿರ್ಲಿಲ್ಲ, ಅಷ್ಟೆ."

ಅವರ ಕೈ ಹಿಡಿದು ಇಳಿಸಿಕೊಂಡು ಒಳಗೆ ಕರೆದುಕೊಂಡು ಹೋದೆ. ಅಷ್ಟು ವರ್ಷಗಳಲ್ಲಿ ನನಗೆ ಅವರ ಮೇಲೆ ಸಿಟ್ಟು ಬರದಿದ್ದ ದಿನ ಅದೊಂದೇ ಇರಬೇಕು. ದುಃಖವಾಯಿತು, ಅಷ್ಟೆ.

ಪ್ರಗತಿ ನೋಡಲು ಅಧ್ಯಕ್ಷರು ಬಂದಾಗ ಹೊಸ ವರ್ಷದ ತರಗತಿಗಳು ಶುರುವಾಗಿ ಕೆಲವು ತಿಂಗಳಾಗಿದ್ದವು. ಈ ಸಲ ಹಾರ್ದಿಕರು ಮೋಸ ಹೋಗಲಿಲ್ಲ, ಎರಡೂ ಗೇಟಿಗೆ ಹೂಗುಚ್ಛ ಕಳಿಸಿದ್ದರು. ನೇರವಾಗಿ ಪಡಸಾಲೆಗೇ ಕರೆತಂದರು. ಅಧ್ಯಕ್ಷರಿಗೆ ಗ್ರಂಥಾಲಯದ ಚರ್ಚಾ ಮೂಲೆಯನ್ನೂ ಮೌನ ಮೂಲೆಯನ್ನೂ ತೋರಿಸಬೇಕಿದ್ದರಿಂದ ನನಗೂ ಜೊತೆಯಲ್ಲಿರುವಂತೆ ಹೇಳಿದ್ದರು. ಫಲಕದ ಕೆಳಗೆ ಹೊಸ ಹುಡುಗ ಹುಡುಗಿಯರು ಸಾಲಾಗಿ ಕೂತು ನೋಟ್‌ಬುಕ್ಕಿನಲ್ಲಿ ಬ್ಯುರೆಟ್ಟು ಬರೆಯುತ್ತಿದ್ದರು. ಅಧ್ಯಕ್ಷರು ನಗುತ್ತ ಅತ್ತಿಗೆಯನ್ನು, ಹೇಗಿದೆಯಮ್ಮಾ ನಿಮ್ಮ ಚಿಂತನ ಎಂದು ಕೇಳಿದರು.

ಆಯ್ತು, ಈಗ ಚೆನ್ನಾಗಿದೆ ಸರ್ ಎನ್ನುತ್ತಾರೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ.

"ಚಿಂತನ ಅಲ್ಲ ಸರ್," ಎಂದರು ಅತ್ತಿಗೆ. "ಬಾಗಿಲಿಗೆ ಬೀಗ ಇದೆ. ಅದಕ್ಕೇ ಹೊರಗೆ ಕೂತಿದ್ದೀವಿ. ಆವತ್ತೂ ಅದಕ್ಕೇ ಕೂತಿದ್ವಿ."

ಹಾರ್ದಿಕರು ಕೆಮ್ಮಿದರು. ಪಾಯಿಂಟು ಸರ್ ಬೆರಳೆತ್ತಿದವರು ಹಾಗೆಯೇ ಇಳಿಸಿದರು. ಅತ್ತಿಗೆ ನಿಲ್ಲಿಸಲಿಲ್ಲ. ಬೀಗದ ಕೈ, ತಕ್ಕಡಿ, ಫೇಲಾದ ಹುಡುಗಿ, ಎಲ್ಲವನ್ನೂ ಹೇಳಿ ಮುಗಿಸಿದರು. ಕೊನೆಗೆ, ನೀವು ಹೊಗಳಿ ಬರೆದದ್ದರಿಂದ ನಮ್ಮ ಬಾಗಿಲು ಶಾಶ್ವತವಾಗಿ ಮುಚ್ಚಿತು ಸರ್ ಎಂದೂ ಅಂದರು. ನಾನು ಹಿಗ್ಗಿ ಹೋದೆ. ಇನ್ನು ಈ ಮುದುಕರು ಮುಖ ಎಲ್ಲಿಟ್ಟುಕೊಳ್ಳುತ್ತಾರೆ ನೋಡೋಣ ಎಂದುಕೊಂಡೆ.

ಅಧ್ಯಕ್ಷರು ಬೀಗವನ್ನು ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಫೈಲು ತೆರೆದು ನಮ್ಮ ಉತ್ತರದ ಹಾಳೆಯನ್ನು ಹುಡುಕಿ ತೆಗೆದರು.

"ನಾನು ಅರ್ಧ ದಿನ ನೋಡಿ ಬರೆದೋನು ತಾಯಿ, ತಪ್ಪು ಬರೆದಿರಬಹುದು. ತಪ್ಪಾಗುತ್ತೆ ಅಂತಾನೇ ನಿಮ್ಮನ್ನ ಕೇಳೋದು. ಇಲ್ಲಿ ಒಪ್ಪಲಾಗಿದೆ ಅಂತ ಬರೆದು ಸಹಿ ಹಾಕಿದ್ದು ಯಾರು?"

ಸಹಿ ಅತ್ತಿಗೆಯದೇ. ನನಗೆ ಆ ಮನುಷ್ಯನ ಮೇಲೆ ಕೆಂಡದಂಥ ಕೋಪ ಬಂತು, ಅವರ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ ಎಂಬುದಕ್ಕೇ ಬಂತು. ಹುಡುಗರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದರು.

ಅತ್ತಿಗೆ ಕೈ ಚಾಚಿ ಹಾಳೆ ಕೇಳಿದರು. ಬರೆಯಲು ಆಸರೆ ಬೇಕಲ್ಲ, ಹಾಳೆಯನ್ನು ಲ್ಯಾಬಿನ ಬಾಗಿಲಿಗೇ ಒತ್ತಿ ಹಿಡಿದು, ಒಪ್ಪಲಾಗಿದೆ ಎಂಬುದನ್ನು ಹೊಡೆದು ಹಾಕಿದರು. ಪಕ್ಕದ ಖಾಲಿ ಮನೆಯಲ್ಲಿ, ಒಪ್ಪುವುದಿಲ್ಲ, ಇದು ಪದ್ಧತಿಯಲ್ಲ, ಬಾಗಿಲು ತೆರೆದರೆ ವಿದ್ಯಾರ್ಥಿಗಳು ಒಳಗೆ ಕಲಿಯುತ್ತಾರೆ ಎಂದು ಬರೆದು ಮತ್ತೊಮ್ಮೆ ಸಹಿ ಮಾಡಿದರು. ಬೀಗ ಮೊಣಕೈಗೆ ತಗುಲಿ ಟಕಟಕ ಎನ್ನುತ್ತಿತ್ತು. ಅಧ್ಯಕ್ಷರು ಹಾಳೆಯನ್ನು ಹಾರ್ದಿಕರ ಕೈಗೆ ಕೊಟ್ಟು, ಇದನ್ನೇ ಕಾಲೇಜಿನ ತಿದ್ದಿದ ಉತ್ತರ ಎಂದು ತೆಗೆದುಕೊಳ್ಳಲೇ ಎಂದು ಕೇಳಿದರು. ಹಾರ್ದಿಕರಿಗೆ ದೊಡ್ಡವರ ಮಾತಿಗೆ ಇಲ್ಲ ಎನ್ನಲು ಗೊತ್ತೇ ಇಲ್ಲವಲ್ಲ, ಹೌದು ಸರ್ ಎಂದರು.

ಒಂದು ವಾರ ಹಾರ್ದಿಕರು ಮುಖ ಹುಳ್ಳಗೆ ಮಾಡಿಕೊಂಡು ಓಡಾಡಿದರು. ಆಮೇಲೆ ಪಾಯಿಂಟು ಸರ್ ಎಲ್ಲಿಂದಲೋ 'ಅಧಿಕಾರ ವಿಕೇಂದ್ರೀಕರಣ' ಎಂಬ ಪದ ಹುಡುಕಿ ತಂದರು, ಹಾರ್ದಿಕರ ಮುಖ ಅರಳಿತು. ಬೀಗದ ಕೈ ಕೊಡುವುದಕ್ಕೂ ಒಂದು ಸಮಾರಂಭ ಆಯಿತು. ಬೀಗದ ಕೈಗೆ ಕೆಂಪು ರಿಬ್ಬನ್ ಕಟ್ಟಿ, ಹಾರ್ದಿಕ ಸ್ವಾಗತದಿಂದ ಹಾರ್ದಿಕ ವಂದನೆಯವರೆಗೆ ಎಲ್ಲವನ್ನೂ ಸಾಂಗವಾಗಿ ನಡೆಸಿದರು. ಫೋಟೊದವನಿಗೆ ಬೆಳಕು ಸಾಲದೆಂದು ಅತ್ತಿಗೆ ಅದನ್ನು ಮೂರು ಸಲ ವಾಪಸು ಕೊಟ್ಟು ಮೂರು ಸಲ ತೆಗೆದುಕೊಂಡರು. ನಾಲ್ಕನೆಯ ಸಲ ಕೇಳಿದಾಗ ಕೊಡಲಿಲ್ಲ.

ಮಾರನೆಯ ಬೆಳಗ್ಗೆ ಅತ್ತಿಗೆಯ ಆತುರ ನೋಡಬೇಕಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ನನ್ನ ಭುಜ ತಟ್ಟುತ್ತಿದ್ದರು. ನಾನೂ ಗ್ರಂಥಾಲಯಕ್ಕೆ ಹೋಗದೆ ಅವರ ಹಿಂದೆಯೇ ಹೋದೆ. ಬಾಗಿಲು ತೆಗೆದರು, ಕಿಟಕಿಗಳನ್ನೆಲ್ಲ ತೆಗೆದರು, ಗಾಜಿನ ಕೊಳವೆಗಳನ್ನು ಒರೆಸಿ ಸ್ಟ್ಯಾಂಡುಗಳಿಗೆ ಸಿಕ್ಕಿಸಿದರು. ನಲ್ಲಿ ತಿರುಗಿಸಿ ನೀರು ಬರುತ್ತಿದೆಯೇ ನೋಡಿದರು. ಬಿಳಿ ಕೋಟು ತೊಟ್ಟು ಮೇಜಿನ ಹಿಂದೆ ನಿಂತುಕೊಂಡರು.

ಗಂಟೆ ಹೊಡೆಯಿತು. ಹೊರಗೆ ಹೆಜ್ಜೆಗಳ ಸದ್ದು ಬಂತು, ಬ್ಯಾಗು ಇಳಿಸುವ ಸದ್ದು ಬಂತು, ಆಮೇಲೆ ಸದ್ದು ಅಡಗಿತು. ಒಬ್ಬರೂ ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಅತ್ತಿಗೆ ಬಾಗಿಲಿಗೆ ಹೋದರು, ಹಿಂದೆ ನಾನೂ ಹೋದೆ.

ಎಲ್ಲರೂ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ತೊಡೆಯ ಮೇಲೆ ನೋಟ್‌ಬುಕ್ಕು ತೆರೆದಿತ್ತು. ತೆರೆದ ಬಾಗಿಲಿಗೆ ಒಂದು ಮಾರು ದೂರದಲ್ಲಿದ್ದ ಹುಡುಗಿ ತಲೆ ತಗ್ಗಿಸಿ ತಿರುಪಿನ ಚಿತ್ರಕ್ಕೆ ನೆರಳು ಹಚ್ಚುತ್ತಿದ್ದಳು. ಯಾಕೆ ಇಲ್ಲಿ ಕೂತಿದ್ದೀರಿ ಎಂದು ಅತ್ತಿಗೆ ಕೇಳಿದರು. ಹುಡುಗಿ ಗಾಬರಿಯಿಂದ ಎದ್ದು ನಿಂತಳು.

"ಬಾಗಿಲು ತೆಗೆದಿತ್ತಲ್ಲ ಮೇಡಂ. ಒಳಗೆ ಯಾರದೋ ಪರೀಕ್ಷೆ ನಡೀತಿದೆ ಅಂದ್ಕೊಂಡ್ವಿ."

ಅತ್ತಿಗೆ ಚೌಕಟ್ಟನ್ನು ಹಿಡಿದುಕೊಂಡು ನಿಂತರು. ಅವರ ಕಣ್ಣು ತುಂಬಿತ್ತು, ನನ್ನ ಕಣ್ಣೂ. ಆಮೇಲೆ ಆ ಹುಡುಗಿಯ ಕೈಯಿಂದ ಪೆನ್ಸಿಲು ತೆಗೆದುಕೊಂಡರು. ಪರೀಕ್ಷೆ ಅಲ್ಲ, ಕ್ಲಾಸು, ಎಲ್ಲರೂ ಒಳಗೆ ಬನ್ನಿ ಎಂದರು. ಹುಡುಗರು ಒಬ್ಬೊಬ್ಬರಾಗಿ ಎದ್ದರು. ಅವರಲ್ಲಿ ಇಬ್ಬರು ಮೂವರು ಹೊಸ್ತಿಲ ಹತ್ತಿರ ನಿಂತು ನನ್ನ ಮುಖ ನೋಡಿದರು, ಅತ್ತಿಗೆ ಹೇಳುತ್ತಿರುವುದು ನಿಜವೇ ಎಂದು ಕೇಳುವಂತೆ.